ಹಳೆಯ ಲೈಟ್ ಮೀಟರ್ ಓದುವುದು ಹೇಗೆ?

ತಾತನ ಬೀರುವಿನಲ್ಲೋ, ಸಂಡೇ ಬಜಾರ್‌ನ ಹಳೆ ಸಾಮಾನುಗಳ ನಡುವೆಯೋ ನಿಮಗೊಂದು ಲೈಟ್ ಮೀಟರ್, ಅಂದರೆ ಫೋಟೊ ತೆಗೆಯುವವರು ಬೆಳಕು ಅಳೆಯಲು ಬಳಸುವ ಸಾಧನ, ಸಿಕ್ಕಿದೆ ಅಂದುಕೊಳ್ಳಿ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಂದು ಮುಳ್ಳು, ಅದರ ಕೆಳಗೆ ತಿರುಗುವ ಡಯಲ್, ಡಯಲ್ ತುಂಬಾ ಅಂಕಿಗಳು. ಮೊದಲ ಸಲ ನೋಡಿದವರಿಗೆ ಗಾಬರಿಯಾಗುವುದು ಸಹಜ. ಆದರೆ ಅದು ಹೇಳುವುದು ಒಂದೇ ಮಾತು: ಬೆಳಕು ಇಷ್ಟಿದೆ. ಯಾವ ಬೆಳಕು ಅನ್ನುವುದನ್ನು ಮಾತ್ರ ನಾವು ತಿಳಿದಿರಬೇಕು. ವಸ್ತುವಿನ ಮೇಲೆ ಬೀಳುವ ಬೆಳಕೋ, ವಸ್ತುವಿನಿಂದ ವಾಪಸ್ ಬರುವ ಬೆಳಕೋ? ಅಷ್ಟು ಗೊತ್ತಾದರೆ ಮಿಕ್ಕಿದ್ದೆಲ್ಲ ಸುಲಭ.

ಉದಾಹರಣೆಗೆ ಸೆಕಾನಿಕ್ ಎಲ್-398 ತೆಗೆದುಕೊಳ್ಳೋಣ. ಸಿನಿಮಾದವರೂ ಸ್ಟುಡಿಯೋದವರೂ ತುಂಬಾ ಬಳಸಿದ ಜಪಾನಿನ ಮೀಟರ್ ಇದು. ಇದಕ್ಕೆ ಬ್ಯಾಟರಿ ಬೇಡ. ಒಳಗಿರುವ ಸೆಲೆನಿಯಂ ಸೆಲ್ ಮೇಲೆ ಬೆಳಕು ಬಿದ್ದರೆ ಸಣ್ಣ ಕರೆಂಟ್ ಹುಟ್ಟುತ್ತದೆ, ಆ ಕರೆಂಟೇ ಮುಳ್ಳನ್ನು ತಳ್ಳುತ್ತದೆ. ತಲೆಯ ಮೇಲೆ ಅರ್ಧ ಕತ್ತರಿಸಿದ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಗುಮ್ಮಟ ಇದೆ. ಬೀಳುವ ಬೆಳಕನ್ನು ಅಳೆಯುವುದು ಅದೇ.

ಮೊದಲು ಮೀಟರ್ ಸರಿ ಇದೆಯಾ ನೋಡಿ

ಗುಮ್ಮಟವನ್ನು ಕೈಯಿಂದ ಪೂರ್ತಿ ಮುಚ್ಚಿ, ನಡುವಿನ ಗುಂಡಿ ಒತ್ತಿ. ಮುಳ್ಳು ಸೊನ್ನೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಹಿಂಬದಿಯ ಸಣ್ಣ ಸ್ಕ್ರೂ ತಿರುಗಿಸಿ ಸೊನ್ನೆಗೆ ತನ್ನಿ. ತೀರಾ ನಿಧಾನವಾಗಿ ತಿರುಗಿಸಿ. ಆಮೇಲೆ ಡಿಜಿಟಲ್ ಕ್ಯಾಮೆರಾ ಜತೆ ಹೋಲಿಸಿ. ಬಿಸಿಲಲ್ಲಿ ಒಂದು ಸಲ, ನೆರಳಲ್ಲಿ ಒಂದು ಸಲ, ಮನೆಯೊಳಗೆ ಒಂದು ಸಲ. ಸ್ಟಾಪ್ ಅಂದರೆ ಬೆಳಕು ಅರ್ಧವಾಗುವ ಅಥವಾ ದುಪ್ಪಟ್ಟಾಗುವ ಒಂದು ಹೆಜ್ಜೆ. ಮೂರೂ ಕಡೆ ಒಂದೇ ಸಮನಾಗಿ ಒಂದು ಸ್ಟಾಪ್ ಕಡಿಮೆ ತೋರಿಸಿದರೆ ಚಿಂತೆಯಿಲ್ಲ, ಆ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಸಾಕು. ಬಿಸಿಲಲ್ಲಿ ಸರಿ, ಮನೆಯೊಳಗೆ ಮೂರು ಸ್ಟಾಪ್ ತಪ್ಪು ಅಂತಾದರೆ ಸೆಲ್‌ಗೆ ವಯಸ್ಸಾಗಿದೆ. ಅಂಥದ್ದನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಸೆಲೆನಿಯಂಗೆ ತೇವ ಆಗದು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಡಬ್ಬಿಯಲ್ಲಿಡಿ.

ಡಯಲ್ ಹೊಂದಿಸುವುದು

ಡಯಲ್‌ನ ಪುಟ್ಟ ಕಿಂಡಿಯಲ್ಲಿ ನಿಮ್ಮ ಫಿಲ್ಮ್‌ನ ಸ್ಪೀಡ್, ಅಂದರೆ ಅದು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಅಂಕಿ, ಕೂರಿಸಿ. ಹಳೆ ಮೀಟರ್‌ಗಳಲ್ಲಿ ಐಎಸ್ಒ ಬದಲು ಎಎಸ್ಎ ಅಂತಿರುತ್ತದೆ, ಅಂಕಿ ಅದೇ. ಡಿನ್ ಅಂತಿದ್ದರೆ 21 ಅಂದರೆ 100, 24 ಅಂದರೆ 200, 27 ಅಂದರೆ 400. ಹಳೆಯ ವೆಸ್ಟನ್ ಮೀಟರ್‌ಗಳದ್ದು ತಮ್ಮದೇ ಲೆಕ್ಕ. ಅದರಲ್ಲಿ 100ರ ಫಿಲ್ಮ್‌ಗೆ 80 ಇಡಬೇಕು.

ಇನ್ನು ಅಳತೆ. ಹೊರಗೆ ಬಿಸಿಲಿದ್ದರೆ ಮೀಟರ್ ಜತೆ ಬರುವ ‘ಹೈ ಸ್ಲೈಡ್’ ಎಂಬ ತೂತುತೂತಿನ ತಗಡನ್ನು ತಲೆಯ ಸಂದಿಗೆ ತೂರಿಸಿ. ಇಲ್ಲದಿದ್ದರೆ ಮುಳ್ಳು ಸೀದಾ ಕೊನೆಗೆ ಹೋಗಿ ಬಡಿಯುತ್ತದೆ. ಹಳೆ ಮೀಟರ್ ಕೊಳ್ಳುವಾಗ ಈ ಸ್ಲೈಡ್ ಇದೆಯಾ ಅಂತ ಮರೆಯದೆ ಕೇಳಿ, ಸುಲಭವಾಗಿ ಕಳೆದುಹೋಗುವ ವಸ್ತು ಅದು.

ನೀವು ಯಾರ ಫೋಟೊ ತೆಗೆಯುತ್ತೀರೋ ಅವರ ಮುಖದ ಹತ್ತಿರ ಮೀಟರ್ ಹಿಡಿಯಿರಿ. ಗುಮ್ಮಟ ಕ್ಯಾಮೆರಾ ಕಡೆ ನೋಡುತ್ತಿರಲಿ, ಸೂರ್ಯನ ಕಡೆ ಅಲ್ಲ. ನಡುವಿನ ಗುಂಡಿ ಒತ್ತಿ. ಮುಳ್ಳು ಓಡಿ, ಕೊಂಚ ಅಲುಗಾಡಿ ನಿಲ್ಲುತ್ತದೆ. ಈಗ ಗುಂಡಿ ಬಿಡಿ. ಮುಳ್ಳು ಅಲ್ಲೇ ಲಾಕ್ ಆಗುತ್ತದೆ. 160ರಲ್ಲಿ ನಿಂತಿತು ಅನ್ನಿ. ಡಯಲ್ ತಿರುಗಿಸಿ ಬಾಣದ ಗುರುತನ್ನು 160ಕ್ಕೆ ತನ್ನಿ. ಗುರುತು ಎರಡಿವೆ: ಸ್ಲೈಡ್ ಹಾಕಿದ್ದರೆ ‘ಎಚ್’ ಅಂತ ಬರೆದಿರುವುದು, ತೆಗೆದಿದ್ದರೆ ಇನ್ನೊಂದು. ಇದು ಅದಲುಬದಲಾದರೆ ಐದು ಸ್ಟಾಪ್ ತಪ್ಪುತ್ತದೆ, ಅಂದರೆ ಇಡೀ ರೋಲ್ ಹಾಳು.

ಇಷ್ಟಾದ ಮೇಲೆ ಡಯಲ್‌ನ ಕೆಳಭಾಗ ನೋಡಿ. ಎಫ್ ನಂಬರ್‌ಗಳು (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಂಕಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಒಂದು ಸಾಲು, ಶಟರ್ ಸ್ಪೀಡ್‌ಗಳು (ಫಿಲ್ಮ್‌ಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ) ಇನ್ನೊಂದು ಸಾಲು, ಎದುರುಬದುರು. ಎಫ್ 8ರ ಎದುರು 1/60 ಇದ್ದರೆ, ಎಫ್ 5.6ರ ಎದುರು 1/125, ಎಫ್ 4ರ ಎದುರು 1/250 ಇರುತ್ತದೆ. ಎಲ್ಲ ಜೋಡಿಗಳೂ ಫಿಲ್ಮ್‌ಗೆ ಕೊಡುವ ಬೆಳಕು ಒಂದೇ. ಓಡುವ ಮಗುವಿಗೆ 1/250, ಹಿಂದೆ ಮುಂದೆ ಎಲ್ಲ ಸ್ಪಷ್ಟವಾಗಿ ಬೇಕಿದ್ದರೆ ಎಫ್ 8. ಆಯ್ಕೆ ನಿಮ್ಮದು. ಹಳೆ ಮೀಟರ್ ಬಳಸುವುದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಡಿಜಿಟಲ್ ಪರದೆ ಒಂದೇ ಜೋಡಿ ತೋರಿಸುತ್ತದೆ, ಈ ಡಯಲ್ ಎಲ್ಲವನ್ನೂ ಒಟ್ಟಿಗೆ ಮುಂದಿಡುತ್ತದೆ.

ಕರಿ ಬಸವ, ಬಿಳಿ ಗೋಡೆ

ವೆಸ್ಟನ್ ಮಾಸ್ಟರ್, ಲೆನಿನ್‌ಗ್ರಾದ್ ತರಹದ ಮೀಟರ್‌ಗಳನ್ನು ಸಾಮಾನ್ಯವಾಗಿ ಕ್ಯಾಮೆರಾ ಪಕ್ಕದಿಂದ ವಸ್ತುವಿನ ಕಡೆ ತೋರಿಸಿ ಅಳೆಯುತ್ತಾರೆ. ಅವು ನೋಡುವುದು ವಾಪಸ್ ಬರುವ ಬೆಳಕನ್ನು. ಎದುರಿಗಿರುವುದು ಬಿಳಿಯೋ ಕಪ್ಪೋ ಅವಕ್ಕೆ ಗೊತ್ತಾಗುವುದಿಲ್ಲ. ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 18ರಷ್ಟನ್ನು ವಾಪಸ್ ಕಳಿಸುವ ನಡು ಬೂದು ಬಣ್ಣ ಅಂತಲೇ ಎಲ್ಲವನ್ನೂ ಎಣಿಸುತ್ತವೆ.

ಬಸವನಗುಡಿಯ ದೊಡ್ಡ ಬಸವನನ್ನೇ ನೆನೆಸಿಕೊಳ್ಳಿ. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿ ಮಿರಿಮಿರಿ ಮಿಂಚುವ ಕಲ್ಲು. ಇಂಥ ಕಲ್ಲಿಗೆ ಮೀಟರ್ ತೋರಿಸಿದರೆ ‘ಬೆಳಕು ಸಾಲದು, ಜಾಸ್ತಿ ಕೊಡು’ ಅನ್ನುತ್ತದೆ. ಅದರ ಮಾತು ಕೇಳಿದರೆ ಕರಿ ಬಸವ ಬೂದಿ ಬಸವ ಆಗುತ್ತಾನೆ. ಮೀಟರ್ 1/30 ಅಂದರೆ ನೀವು ಎರಡು ಸ್ಟಾಪ್ ಇಳಿಸಿ 1/125 ಇಡಿ. ಬಿಸಿಲಿಗೆ ಒಡ್ಡಿದ ಸುಣ್ಣದ ಗೋಡೆಗೆ ಇದರ ಉಲ್ಟಾ: 1/500 ಅಂದರೆ 1/125ಕ್ಕೆ ಬನ್ನಿ. ಆಗಲೇ ಬಿಳಿ ಬಿಳಿಯಾಗಿ ಬರುವುದು.

ಇಂಥ ಕಡೆ ನಿಮ್ಮ ಅಂಗೈಯೇ ಒಳ್ಳೆ ದಾರಿ. ವಸ್ತುವಿನ ಮೇಲೆ ಬೀಳುವ ಬೆಳಕೇ ಅಂಗೈಗೂ ಬೀಳುವಂತೆ ಹಿಡಿದು, ಮೀಟರಿನ ನೆರಳು ಬೀಳದಂತೆ ಅಳೆಯಿರಿ. ಅಂಗೈ ನಡು ಬೂದುವಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಮೀಟರ್ ಎಫ್ 8 ಅಂದರೆ ಎಫ್ 5.6 ಇಡಿ. ಗುಮ್ಮಟದ ಮೀಟರ್ ಇದ್ದವರಿಗೆ ಈ ಲೆಕ್ಕ ಬೇಡ. ಬಸವನ ಮೇಲೆ ಬೀಳುವ ಬೆಳಕನ್ನಷ್ಟೇ ಅದು ಅಳೆಯುತ್ತದೆ, ಕಲ್ಲಿನ ಬಣ್ಣ ಅದಕ್ಕೆ ಲೆಕ್ಕಕ್ಕಿಲ್ಲ.

ನಮ್ಮೂರಿನ ನಡು ಮಧ್ಯಾಹ್ನ ಮಾತ್ರ ಎಚ್ಚರ. ಏಪ್ರಿಲ್ ಕೊನೆಯ ವಾರದಲ್ಲಿ, ಮತ್ತೆ ಆಗಸ್ಟ್ ಮಧ್ಯದಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಗೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ವಾ, ಅದು. ಆಗ ಹಣೆ ಮೂಗು ಹೊಳೆದು, ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಮೊದಲು ಬಿಸಿಲಲ್ಲೇ ಅಳೆಯಿರಿ. ಆಮೇಲೆ ಗುಮ್ಮಟಕ್ಕೆ ಕೈ ಮರೆ ಮಾಡಿ ಇನ್ನೊಮ್ಮೆ ಅಳೆಯಿರಿ. ಮುಳ್ಳು 320ರಿಂದ 40ಕ್ಕೆ ಬಿದ್ದರೆ ಮೂರು ಸ್ಟಾಪ್ ಅಂತರ, ಯಾಕೆಂದರೆ ಅಂಕಿ ಅರ್ಧವಾದಾಗಲೆಲ್ಲ ಒಂದು ಸ್ಟಾಪ್. ಅಷ್ಟು ಅಂತರ ಇದ್ದರೆ ಫೋಟೊಗೆ ನಿಂತವರನ್ನು ಮರದ ನೆರಳಿಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು.

ಊಹಿಸಿ, ಆಮೇಲೆ ಒತ್ತಿ

ಅಭ್ಯಾಸಕ್ಕೆ ಫಿಲ್ಮ್ ಬೇಡ. ಮೀಟರ್ ಒಂದನ್ನೇ ಜೇಬಿಗೆ ಹಾಕಿಕೊಂಡು ಕಬ್ಬನ್ ಪಾರ್ಕ್‌ಗೆ ಹೋಗಿ. ಗುಂಡಿ ಒತ್ತುವ ಮೊದಲು ಊಹಿಸಿ. ಫಿಲ್ಮ್ 100, ಚೆನ್ನಾದ ಬಿಸಿಲು ಅಂದರೆ ಎಫ್ 16ರ ಎದುರು 1/125ರ ಹತ್ತಿರ ಬರಬೇಕು. ತಿಳಿ ಮೋಡವಿದ್ದರೆ ಒಂದು ಸ್ಟಾಪ್ ಇಳಿಸಿ ಹೇಳಿ. ಆಕಾಶ ಕಾಣುವ ನೆರಳಲ್ಲಿ ಸುಮಾರು ಮೂರು ಸ್ಟಾಪ್ ಕಡಿಮೆ, ಅಂದರೆ ಎಫ್ 5.6. ದಟ್ಟ ಬಿದಿರಿನ ಕೆಳಗೆ ಇನ್ನೂ ಕಡಿಮೆ, ಎಷ್ಟು ಅನ್ನುವುದನ್ನು ಮುಳ್ಳೇ ತೋರಿಸಲಿ. ಊಹೆ ಒಂದು ಕಡೆ, ಮೀಟರ್ ಹೇಳಿದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ಎರಡಕ್ಕೂ ಅಂತರ ಒಂದು ಸ್ಟಾಪ್‌ಗೆ ಇಳಿದ ದಿನ ಕ್ಯಾಮೆರಾಗೆ ರೋಲ್ ಹಾಕಿ.