ರಾಗಿ ಬೇರಿನ ಫಾಸ್ಫಟೇಸ್‌ಗೆ ಹಾಸನದ ಆಲೂಗೆಡ್ಡೆ ಕೊಟ್ಟ ಕಾಟ

“ಕ್ರಯೋಸ್ಟಾಟ್ ಇಲ್ಲದೆ ಆಗೋ ಕೆಲಸ ಅಲ್ಲ ಕಣ್ರೀ ಇದು. ಬ್ಲೇಡ್ ಹಿಡ್ಕೊಂಡು ಎಂಜೈಮ್ ಹುಡುಕ್ತೀನಿ ಅಂತ ಹೊರಟಿದ್ದೀರಲ್ಲ!” ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೀಗೆ ನಕ್ಕ ಹಿರಿಯರೇ ಮೊನ್ನೆ ನನ್ನ ಸ್ಲೈಡಿನ ಫೋಟೊ ಕಳಿಸಿ ಅಂತ ಕೇಳಿದರು. ಕಳಿಸಿದೆ. ಎರಡು ದಿನ ಬಿಟ್ಟು! ಕ್ರಯೋಸ್ಟಾಟ್ ಅಂದರೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ಯುವ ಯಂತ್ರ. ಅದಿಲ್ಲದೆ ಬರೀ ಬ್ಲೇಡಿನಿಂದ ರಾಗಿ ಬೇರು ಕೊಯ್ದು, ಆಸಿಡ್ ಫಾಸ್ಫಟೇಸ್ (ಫಾಸ್ಫೇಟ್ ಬಿಡಿಸುವ ಎಂಜೈಮ್) ಅದರಲ್ಲಿ ಎಲ್ಲೆಲ್ಲಿದೆ ಅಂತ ಬಣ್ಣ ಬರಿಸಿ ನೋಡುವುದು ನನ್ನ ಕೆಲಸ.

ವಿಧಾನ ನನ್ನದಲ್ಲ, ವಿಜ್ಞಾನಿ ಗೊಮೊರಿ 1941ರಲ್ಲಿ ಕೊಟ್ಟ ಲೆಡ್ (ಸೀಸ) ವಿಧಾನವೇ. ಅಸಿಟೇಟ್ ಬಫರ್ ಪಿಎಚ್ 5, ಲೆಡ್ ನೈಟ್ರೇಟ್, ಸೋಡಿಯಂ ಗ್ಲಿಸರೋಫಾಸ್ಫೇಟ್, ಕೊನೆಗೆ ಅಮೋನಿಯಂ ಸಲ್ಫೈಡ್. ಎಂಜೈಮ್ ಗ್ಲಿಸರೋಫಾಸ್ಫೇಟ್‌ನಿಂದ ಬಿಡಿಸಿದ ಫಾಸ್ಫೇಟನ್ನು ಸೀಸ ಅಲ್ಲೇ ಹಿಡಿಯುತ್ತದೆ, ಸಲ್ಫೈಡ್ ಅದನ್ನು ಕಂದು-ಕಪ್ಪು ಮಾಡುತ್ತದೆ. ಬೇರು ಜಿಪಿಯು-28 ತಳಿಯ ರಾಗಿಯದು, ಮೊಳಕೆ ಬಂದ ಐದಾರು ದಿನದ್ದು. ಫಿಕ್ಸ್ ಮಾಡುವಾಗ (ಬೇರು ಕೆಡದಂತೆ ರಾಸಾಯನಿಕದಲ್ಲಿ ಇಡುವಾಗ) ತಂಪು ಕಾಯಲು ಮೀನಂಗಡಿಯಿಂದ ಐಸ್ ತರುತ್ತಿದ್ದೆ. ಲ್ಯಾಬಿನ ಫ್ರಿಜ್ ನಂಬುವ ಹಾಗಿರಲಿಲ್ಲ.

ಮೊದಲ ಸಲ ದ್ರಾವಣವೇ ಹಾಲಿನ ಹಾಗೆ ಕದಡಿತು. ತಪ್ಪು ನಮ್ಮ ಬೋರ್‌ವೆಲ್ ನೀರಿನದು. ಗಾಜಿನ ಸಾಮಾನನ್ನು ಅದರಲ್ಲೇ ತೊಳೆದು ಹಾಗೇ ಬಳಸಿದ್ದೆ, ಆ ನೀರಿನ ಲವಣಗಳ ಜೊತೆ ಸೀಸ ಸುಮ್ಮನಿರುತ್ತದೆಯೇ? ಡಿಸ್ಟಿಲ್ಡ್ ವಾಟರ್‌ಗೆ ಬದಲಾಯಿಸಿದ ಮೇಲೆ ದ್ರಾವಣ ತಿಳಿಯಾಯಿತು. ಆದರೆ ಈಗ ಎಲ್ಲ ಕೋಶಕೇಂದ್ರಗಳೂ ಕಪ್ಪು. ಎಂಥಾ ಖುಷಿ ನನಗೆ! ಸಬ್‌ಸ್ಟ್ರೇಟ್ (ಎಂಜೈಮ್ ಒಡೆಯುವ ಗ್ಲಿಸರೋಫಾಸ್ಫೇಟ್) ಹಾಕದ ಕಂಟ್ರೋಲ್, ಅಂದರೆ ಬಣ್ಣ ಬರಲೇಬಾರದ ಹೋಲಿಕೆಯ ಸ್ಲೈಡ್, ನೋಡಿದರೆ ಅಲ್ಲೂ ಕಪ್ಪು. ಸೀಸ ಸುಮ್ಮನೆ ಅಂಟಿಕೊಂಡಿತ್ತು ಅಷ್ಟೆ. ಎರಡು ಗಂಟೆ ಇಡುತ್ತಿದ್ದುದನ್ನು ಅರ್ಧ ಗಂಟೆ, ನಲವತ್ತು ನಿಮಿಷಕ್ಕೆ ಇಳಿಸಿದೆ. ತೊಳೆಯುವ ನೀರಿಗೂ ಒಂದು ಸಾಮಾನು ಬೆರೆಸುತ್ತೇನೆ. ಅದೇನು ಅಂತ ಹಾಸನಕ್ಕೆ ಬಂದವರಿಗೆ ಮಾತ್ರ ಹೇಳುವುದು.

ಆಮೇಲೆ ಬಂದದ್ದು ಅಸಲಿ ಕಾಟ. ಸೆಕ್ಷನ್ (ತೆಳ್ಳನೆಯ ಬಿಲ್ಲೆ) ತೆಗೆಯಲು ಎಳೆ ಬೇರನ್ನು ಯಾವುದರಲ್ಲಾದರೂ ಸಿಕ್ಕಿಸಬೇಕಲ್ಲ. ಹಾಸನದಲ್ಲಿದ್ದು ಬೇರೇನು ಹುಡುಕಲಿ, ಆಲೂಗೆಡ್ಡೆಯನ್ನೇ ಸೀಳಿ ನಡುವೆ ಬೇರು ಇಟ್ಟು ಕೊಯ್ಯುತ್ತಿದ್ದೆ. ಬೇರಿನ ಹೊರಪದರ ಚೆಂದದ ಕಂದು. ಸಬ್‌ಸ್ಟ್ರೇಟ್ ಇಲ್ಲದ್ದು ಸ್ವಚ್ಛ, ಸೆಕ್ಷನ್ ಕುದಿಸಿದ್ದು ಸ್ವಚ್ಛ, ಎಂಜೈಮನ್ನು ತಡೆಯುವ ಫ್ಲೋರೈಡ್ ಹಾಕಿದ್ದೂ ಹೆಚ್ಚುಕಮ್ಮಿ ಸ್ವಚ್ಛ. ಇನ್ನೇನು ಬೇಕು? ನಾಲ್ಕು ತಿಂಗಳು ಇದನ್ನೇ ನಿಜ ಅಂದುಕೊಂಡಿದ್ದೆ.

ಒಂದು ದಿನ ಎಂಎಸ್ಸಿ ಹುಡುಗಿಯೊಬ್ಬಳು ಸೆಕ್ಷನ್ ಕುದಿಸುವ ಬದಲು ಕೊಯ್ಯುವ ಮೊದಲೇ ಇಡೀ ಬೇರು ಕುದಿಸಿಬಿಟ್ಟಳು. “ತಪ್ಪಾಯ್ತು ಸಾರ್, ಬಿಸಾಕ್ಲಾ?” ಅಂದಳು. ಇರಲಿ, ನೋಡೋಣ ಎಂದೆ. ಸತ್ತ ಬೇರಿನ ಅಂಚೂ ಕಂದಾಗಿತ್ತು! ಆಲೂಗೆಡ್ಡೆಯಲ್ಲಿ ಈ ಎಂಜೈಮ್ ತುಂಬಿ ತುಳುಕುತ್ತದೆ ಅಂತ ನಾನೇ ಪಾಠ ಮಾಡುತ್ತೇನೆ. ಅದರ ರಸ ಬ್ಲೇಡಿನ ಜೊತೆ ಬಂದು ರಾಗಿಗೆ ಮೆತ್ತಿಕೊಳ್ಳುತ್ತಿತ್ತು. ಸೆಕ್ಷನ್ ಕುದಿಸಿದರೆ ಎರಡೂ ಒಟ್ಟಿಗೆ ಸಾಯುತ್ತವೆ, ಕಂಟ್ರೋಲ್ ಪಾಸು. ಅವತ್ತೇ ಥರ್ಮೋಕೋಲ್‌ಗೆ ಬದಲಾಯಿಸಿದೆ. ಬಣ್ಣ ತೆಳುವಾಯಿತು, ಆದರೆ ನಿಂತದ್ದು ನಿಂತ ಕಡೆ: ರೂಟ್ ಕ್ಯಾಪ್, ಬೇರುರೋಮ, ಹೊರಪದರದ ಹೊರಗೋಡೆ. ಕುದಿಸಿದ ಬೇರಿನಲ್ಲಿ ಏನೂ ಇಲ್ಲ.

ಖರ್ಚು? ಗ್ಲಿಸರೋಫಾಸ್ಫೇಟ್‌ಗೇ 3,000ದ ಹತ್ತಿರ ಹೋಯಿತು, ಲೆಡ್ ನೈಟ್ರೇಟ್ 800 ಇರಬಹುದು, ಮೊಬೈಲನ್ನು ಮೈಕ್ರೋಸ್ಕೋಪಿಗೆ ಸಿಕ್ಕಿಸುವ ಸಾಮಾನು 1,200. ಬ್ಲೇಡ್ ಲೆಕ್ಕ ಇಟ್ಟಿಲ್ಲ, ಒಂದಕ್ಕೆ ಹತ್ತು ಸೆಕ್ಷನ್, ಆಮೇಲೆ ಎಸೆಯುವುದು. ಇಲಾಖೆಯಿಂದ ಬಂದದ್ದು ಸೊನ್ನೆ. ಸೀಸದ ನೀರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ, ನಾನು ಕ್ಯಾನಿನಲ್ಲಿ ಕೂಡಿಡುತ್ತಿದ್ದೇನೆ. ಸಲ್ಫೈಡ್ ಬಾಟಲಿ ತೆರೆದ ದಿನ ಅದರ ನಾತಕ್ಕೆ ಪಕ್ಕದ ಕಾಮರ್ಸ್ ಕ್ಲಾಸು ಖಾಲಿ, ಅದು ಬೇರೆ ಕಥೆ.

ನಡುವೆ ಸಕಲೇಶಪುರದಿಂದ ಕಾಫಿ ಬೇರು ತರಿಸಿ ನೋಡಿದೆ. ದಂಡ. ಫೀನಾಲ್‌ಗಳಿಂದ ಅದು ತಾನಾಗಿಯೇ ಕಂದು, ನಮ್ಮ ಕಂದು ಯಾವುದು ಅದರದ್ದು ಯಾವುದು ತಿಳಿಯದು. ಆಸಿಡ್‌ನಲ್ಲಿ ತೊಳೆದ ಮರಳಿನಲ್ಲಿ ರಂಜಕ (ಫಾಸ್ಫರಸ್) ಕೊಡದೆ ಬೆಳೆಸಿದ ರಾಗಿ ಮಾತ್ರ ಮಜಾ ಕೊಟ್ಟಿತು. ರಂಜಕ ಸಾಲದಾದಾಗ ಬೇರು ಈ ಎಂಜೈಮ್ ಹೆಚ್ಚು ಮಾಡುತ್ತದಲ್ಲ. ಹತ್ತು ದಿನಕ್ಕೇ ಬೇರುರೋಮದ ಬಣ್ಣ ಎದ್ದು ಕಾಣುವಷ್ಟು ಗಾಢ. ಎಷ್ಟು ಪಟ್ಟು ಅಂತ ಕೇಳಬೇಡಿ, ಕಣ್ಣಳತೆ.

ಆಲೂಗೆಡ್ಡೆಯನ್ನು ಪೂರ್ತಿ ಬಿಟ್ಟಿಲ್ಲ. ಪ್ರತಿ ಬ್ಯಾಚಿಗೂ ಬೇರೆ ವಾಚ್ ಗ್ಲಾಸಿನಲ್ಲಿ ಅದರದೊಂದು ಚೂರು ಹಾಕುತ್ತೇನೆ. ಅದು ಕಪ್ಪಾಗದಿದ್ದರೆ ದ್ರಾವಣ ಕೆಟ್ಟಿದೆ ಅಂತ, ರಾಗಿಗೆ ಕೈ ಹಾಕುವುದೇ ಇಲ್ಲ.