ಪೈಪು-ಮೋಟರ್ ಪಾಠ ಬಿಟ್ಟೆ, ಆ ಶಬ್ದ ಕಲಿಸಿದೆ

ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ ಅಂತ ಹೇಳೋಕೆ ಪ್ರಥಮ ಚಿಕಿತ್ಸೆ ಕ್ಲಾಸಿನಲ್ಲಿ ನಾವೆಲ್ಲ ಕೊಡುವುದು ಒಂದೇ ಉದಾಹರಣೆ. ಹೃದಯಕ್ಕೆ ರಕ್ತ ಒಯ್ಯುವ ಪೈಪು ಕಟ್ಟಿಕೊಂಡರೆ ಅಟ್ಯಾಕ್, ಕರೆಂಟು ಕೆಟ್ಟು ಹೃದಯ ಅನ್ನೋ ಮೋಟರ್ ನಿಂತರೆ ಅರೆಸ್ಟ್. ನಾನೂ ಆರೇಳು ವರ್ಷ ಅದನ್ನೇ ಹೇಳಿದೆ. ಜನ ತಲೆ ಆಡಿಸುತ್ತಿದ್ದರು. ಎದುರಿಗೆ ಮನುಷ್ಯ ಬಿದ್ದಾಗ ಮಾತ್ರ ಯಾರಿಗೂ ಪೈಪು ನೆನಪಾಗಲಿಲ್ಲ.

ಒಬ್ಬ ಆಟೋ ಡ್ರೈವರ್‌ಗೆ ಎದೆನೋವು, ಮೈಯೆಲ್ಲ ಬೆವರು. ಚೆನ್ನಾಗೇ ಮಾತಾಡುತ್ತಿದ್ದರು. ನನ್ನ ಕ್ಲಾಸಿನ ಹುಡುಗನೇ ಅವರನ್ನು ಮಲಗಿಸಿ ಎದೆ ಒತ್ತಿದ! ಇನ್ನೊಂದು ಕಡೆ ಕಿರಾಣಿ ಅಂಗಡಿಯವರು ದಡಕ್ಕನೆ ಬಿದ್ದರು. ಕೈಕಾಲು ಸ್ವಲ್ಪ ಅದುರಿತು. ಫಿಟ್ಸ್ ಅಂತ ಕೈಗೆ ಬೀಗದ ಕೈ ಕೊಟ್ಟರು, ಮುಖಕ್ಕೆ ನೀರು ಚಿಮುಕಿಸಿದರು. ಗೊರಕೆ ಕೇಳಿಸುತ್ತಿದೆ, ಉಸಿರಿದೆ ಅಂತ ಸುಮ್ನೆ ಕೂತರು. ಅವರು ಉಳಿಯಲಿಲ್ಲ. ಆ ವಾರವೆಲ್ಲ ನನಗೆ ನಿದ್ದೆ ಬರಲಿಲ್ಲ.

ಸ್ಲೈಡು ತೆಗೆದುಹಾಕಿದೆ. ಈಗ ಮೊದಲು ಬರೀ ನಾಟಕ, ಕಾಯಿಲೆಯ ಹೆಸರು ಕೊನೆಗೆ. ಒಬ್ಬ ಕುರ್ಚಿಯಲ್ಲಿ ಎದೆ ಹಿಡಿದು 'ಗ್ಯಾಸ್ಟ್ರಿಕ್ ಇರಬೇಕು, ಸೋಡಾ ತನ್ನಿ' ಅನ್ನಬೇಕು. ಇನ್ನೊಬ್ಬ ನೆಲದ ಮೇಲೆ. ಭುಜ ತಟ್ಟಿ ಕೂಗಿ. ಮಾತಾಡಿದರೆ ಎದೆ ಮುಟ್ಟಬೇಡಿ. ಕೂರಿಸಿ, 108ಕ್ಕೆ ಫೋನ್ ಮಾಡಿ, ನಡೆಸಬೇಡಿ. ಪಕ್ಕ ಬಿಟ್ಟು ಏಳಲೂಬೇಡಿ, ಅಟ್ಯಾಕ್ ಆದವರಿಗೇ ಆಮೇಲೆ ಅರೆಸ್ಟ್ ಆಗಬಹುದು. ಮಾತಿಲ್ಲ, ಉಸಿರಿಲ್ಲ, ಇಲ್ಲವೇ ಆಗೊಮ್ಮೆ ಈಗೊಮ್ಮೆ ಗೊರ್ ಅನ್ನುತ್ತದೆ ಅಂದರೆ 108 ಸ್ಪೀಕರಿಗೆ ಹಾಕಿ ಒತ್ತೋಕೆ ಶುರು. 10 ಸೆಕೆಂಡಿಗಿಂತ ಜಾಸ್ತಿ ಯೋಚಿಸಬಾರದು.

ಆ ಗೊರ್ ಶಬ್ದ ಉಸಿರಾಟ ಅಲ್ಲ, ಅರೆಸ್ಟ್ ಆದಾಗ ಬರುವುದು. ಕ್ಲಾಸಿನಲ್ಲಿ ಅದನ್ನು ನಾನೇ ಮಾಡಿ ತೋರಿಸುತ್ತೇನೆ. ದವಡೆ ಸಮೇತ. ಅರ್ಧ ಕ್ಲಾಸು ಅದಕ್ಕೇ ಹೋಗುತ್ತದೆ. ನನ್ನಷ್ಟು ಚೆನ್ನಾಗಿ ಮಾಡುವವರನ್ನು ನಾನು ನೋಡಿಲ್ಲ. ಅದಕ್ಕೊಂದು ಉಪಾಯ ಇದೆ, ಇಲ್ಲಿ ಬರೆಯುವುದಿಲ್ಲ.

ಇದು ಪಾಠ ಅಲ್ಲ ಅಂತ ಜೊತೆಯವರೇ ಅಂದರು. ಒಂದು ಕಾರ್ಖಾನೆಯವರು ಸ್ಲೈಡು ಇಲ್ಲ ಅಂತ ದುಡ್ಡು ಹಿಡಿದರು, 8 ಸಾವಿರದ ಹತ್ತಿರ. ಸುಮಾರು 30 ಸಾವಿರ ಕೊಟ್ಟು ತಂದ, ಎದೆ ಒತ್ತಿ ಕಲಿಯುವ ಗೊಂಬೆಯ ಸ್ಪ್ರಿಂಗು ಎರಡೇ ವರ್ಷಕ್ಕೆ ಸಡಿಲವಾಯಿತು. ಈಗ ಗೋಣಿಚೀಲಕ್ಕೆ ಹಳೆ ಬಟ್ಟೆ ತುಂಬಿ ಮಧ್ಯೆ ಖಾಲಿ ನೀರಿನ ಬಾಟಲಿ ಇಡುತ್ತೇನೆ. 200 ರೂಪಾಯಿಯೂ ಆಗಲ್ಲ. ಒತ್ತಿದಾಗ ಎದೆ 5 ಸೆಂ.ಮೀ. ಇಳಿಯಿತಾ ಅಂತ ಮಾತ್ರ ಅದರಲ್ಲಿ ಗೊತ್ತಾಗಲ್ಲ, ಅದಕ್ಕೆ ಕೊನೆಗೆ ಜೊತೆಯವರ ಗೊಂಬೆ ಕಡ ತಂದು ಒಂದು ಸುತ್ತು. ನಿಮಿಷಕ್ಕೆ 110 ಸಲ ಒತ್ತುವ ಲೆಕ್ಕ ಹಿಡಿಯಲು ಒಮ್ಮೆ ತಮಟೆಯವರನ್ನು ಕರೆಸಿದ್ದೆ. ಹುರುಪು ಏರಿ 140 ದಾಟಿತು. ಮೊಬೈಲಿನಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮೇ ಸಾಕು.

2025ರ ಜೂನ್–ಜುಲೈನಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನ ಸಾಲು ನಿಂತರಲ್ವಾ, ಆಗ ನನಗೂ ಕರೆ ಜಾಸ್ತಿಯಾಯಿತು. ಒಂದು ಅಡಿಕೆ ಮಂಡಿಯ ಹಮಾಲರಿಗೆ ಪುಕ್ಕಟೆ ಕ್ಲಾಸು ಮಾಡಿದೆ. ಮೂರ್ನಾಲ್ಕು ತಿಂಗಳಿಗೆ ಅಲ್ಲಿ ಲೆಕ್ಕ ಬರೆಯುವ ರೈಟರ್ ತೂಕದ ಯಂತ್ರದ ಪಕ್ಕ ಬಿದ್ದರು. ಯಾರೋ ಬೀಗದ ಕೈ ತಂದರಂತೆ. ಹಮಾಲರೊಬ್ಬರು ಅದನ್ನು ಆಚೆ ತಳ್ಳಿ, 'ಇದು ಗೊರಕೆ ಅಲ್ಲ, ಸರ್ ಮಾಡಿದ್ದ ಶಬ್ದ' ಅಂತ ಮಂಡಿಯೂರಿ ಒತ್ತೋಕೆ ಶುರು ಮಾಡಿದರು. ಇಬ್ಬರು ಕೈ ಬದಲಿಸುತ್ತಾ ಹತ್ತು ಹನ್ನೆರಡು ನಿಮಿಷ ಒತ್ತಿದರು. ಆಂಬುಲೆನ್ಸಿನವರು ಎರಡು ಶಾಕ್ ಕೊಟ್ಟ ಮೇಲೆ ನಾಡಿ ಸಿಕ್ಕಿತು.

ರೈಟರ್‌ಗೆ ಕಟ್ಟಿದ ರಕ್ತನಾಳ ತೆರೆದಿಡೋಕೆ ಒಂದು ಸ್ಟೆಂಟ್ ಬಿತ್ತು. ಈಗ ಮಂಡಿಯಲ್ಲಿ ಮತ್ತೆ ಲೆಕ್ಕ ಬರೆಯುತ್ತಿದ್ದಾರೆ. ಎರಡು ಪಕ್ಕೆಲುಬು ಮುರಿದಿದ್ದವು, ಕೆಮ್ಮಿದರೆ ಇನ್ನೂ ಸ್ವಲ್ಪ ನೋಯುತ್ತದಂತೆ.