ಹತ್ತಡಿ ಕೋಣೆಗೆ ಎಂಥ ಸ್ಟುಡಿಯೋ ಮಾನಿಟರ್ ಸಾಕು?

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ. ಅಪ್ಪಯ್ಯ ಕುಂದಾಪುರದಿಂದ ಬಂದು ಇಲ್ಲಿ ನೆಲೆ ನಿಂತವರು. ಹಗಲು ನನಗೆ ಕುರ್ಲಾದಲ್ಲಿ ಲೆಕ್ಕಪತ್ರದ ಕೆಲಸ. ಸಂಜೆ ಮನೆಗೆ ಬಂದ ಮೇಲೆ ಸಣ್ಣ ಕೋಣೆಯಲ್ಲಿ ಹಾಡಿನ ಕೆಲಸ. ಅಪ್ಪಯ್ಯನ ಭಜನೆ, ಗೆಳತಿಯರ ಭಾವಗೀತೆ, ನಮ್ಮ ಕನ್ನಡ ಬಳಗದ ಮಕ್ಕಳ ಕುಣಿತಕ್ಕೆ ಬೇಕಾದ ಟ್ರ್ಯಾಕ್, ಎಲ್ಲ ಅಲ್ಲೇ ತಯಾರಾಗುತ್ತದೆ.

ಮೂರು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಒಂದು ಟ್ರ್ಯಾಕ್ ಮಾಡಿದ್ದೆ. ಆಗ ನನ್ನ ಹತ್ತಿರ ಇದ್ದದ್ದು ಕಂಪ್ಯೂಟರಿನ ಪುಟ್ಟ ಸ್ಪೀಕರ್‌ಗಳು. ಅದರಲ್ಲಿ ತಬಲಾದ ಡಗ್ಗಾ, ಅಂದರೆ ಎಡಗೈಯಲ್ಲಿ ನುಡಿಸುವ ದಪ್ಪ ದನಿಯ ಭಾಗ, ಸರಿಯಾಗಿ ಕೇಳುತ್ತಲೇ ಇರಲಿಲ್ಲ. ಹಾಗಾಗಿ ಏರಿಸಿದೆ. ಸಾಲದು ಅನಿಸಿ ಇನ್ನೂ ಏರಿಸಿದೆ. ಕಾರ್ಯಕ್ರಮದ ಹಾಲ್‌ನಲ್ಲಿದ್ದ ದೊಡ್ಡ ಸಬ್‌ವೂಫರ್‌ಗಳಲ್ಲಿ (ತಗ್ಗು ಸ್ವರದ ಸ್ಪೀಕರ್) ಅದೇ ಡಗ್ಗಾ ಗುಡುಗಿದಂತೆ ಬಂತು. ಹಾಡಿನ ಮಾತು ಮುಳುಗಿಹೋಯಿತು. ಎರಡನೇ ಚರಣ ಎಲ್ಲಿ ಶುರುವಾಯಿತು ಎಂದು ಮಕ್ಕಳಿಗೆ ತಿಳಿಯಲಿಲ್ಲ. ಎಂಟು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಎರಡು ತಿಂಗಳು ಅಭ್ಯಾಸ ಮಾಡಿದ ಕುಣಿತ ಅದು. ಆ ದಿನವೇ ಸ್ಟುಡಿಯೋ ಮಾನಿಟರ್, ಅಂದರೆ ಹಾಡಿನ ಕೆಲಸಕ್ಕೆಂದೇ ಮಾಡಿದ ಸ್ಪೀಕರ್, ತೆಗೆದುಕೊಳ್ಳಬೇಕು ಎಂದು ನಿಶ್ಚಯಿಸಿದೆ.

ಮನೆಯ ಸ್ಪೀಕರ್ ಹಾಡನ್ನು ಚೆಂದ ಮಾಡಿ ಕೇಳಿಸುತ್ತದೆ. ಮಾನಿಟರ್ ಇದ್ದದ್ದನ್ನು ಇದ್ದ ಹಾಗೆ ಕೇಳಿಸಬೇಕು. ಡಗ್ಗಾ ಜಾಸ್ತಿಯಾದರೆ ಜಾಸ್ತಿ ಎಂದು ನನ್ನ ಕೋಣೆಯಲ್ಲೇ ಗೊತ್ತಾಗಬೇಕು, ಹಾಲಿನಲ್ಲಿ ಅಲ್ಲ. ಯಮಹಾದವರು 1978ರಲ್ಲಿ ಎನ್‌ಎಸ್-10 ಎಂಬ ಸ್ಪೀಕರ್ ತಂದರು. ಅದು ಮನೆಗೆ ಎಂದು ಮಾಡಿದ್ದು. ಆದರೆ ಅದರ ಮೇಲೆ ಪ್ರೀತಿ ಇಟ್ಟವರು ಸ್ಟುಡಿಯೋದವರು. ಹಾಡಿನ ತಪ್ಪನ್ನು ಅದು ಮುಚ್ಚಿಡುತ್ತಿರಲಿಲ್ಲ, ಅದಕ್ಕೆ. ಬಿಳಿ ಕೋನಿನ ಆ ಜೋಡಿ ಬಹಳ ವರ್ಷ ಎಷ್ಟೋ ಸ್ಟುಡಿಯೋಗಳ ಮೇಜಿನ ಮೇಲೆ ಇತ್ತು.

ಇನ್ನು ಆರಿಸುವ ವಿಷಯ. ಅಂಗಡಿಗೆ ಹೋಗುವ ಮೊದಲು ಅಳತೆಯ ಟೇಪ್ ಹಿಡಿದು ನಿಮ್ಮ ಕೋಣೆ ಅಳೆಯಿರಿ. ನನ್ನದು ಹತ್ತಡಿ ಉದ್ದ, ಒಂಬತ್ತಡಿ ಅಗಲ. ಮುಂಬೈಯಲ್ಲಿ ಹೆಚ್ಚಿನವರ ಬೆಡ್‌ರೂಮು ಇಷ್ಟೇ, ಅಲ್ವಾ? ಇಂಥ ಕೋಣೆಗೆ ಎಂಟು ಇಂಚಿನ ವೂಫರ್ (ಮಾನಿಟರಿನಲ್ಲಿ ತಗ್ಗು ಸ್ವರ ಹೊರಡಿಸುವ ದೊಡ್ಡ ಭಾಗ) ಇರುವುದನ್ನು ತಂದರೆ ದುಡ್ಡು ದಂಡ. ಐದು ಇಂಚು ಸಾಕು. ತೀರಾ ಸಣ್ಣ ಕೋಣೆಯಾದರೆ, ಮೇಜು ಗೋಡೆಗೆ ಅಂಟಿಕೊಂಡೇ ಇದ್ದರೆ, ಮೂರೂವರೆ ಇಂಚಿನದೂ ಆಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕೋಣೆಯ ಉದ್ದವನ್ನು ಮೀಟರಿನಲ್ಲಿ ಬರೆದು, ಎರಡರಿಂದ ಗುಣಿಸಿ, 343ನ್ನು ಅದರಿಂದ ಭಾಗಿಸಿ. ಹತ್ತಡಿ ಅಂದರೆ 3.05 ಮೀಟರ್. ಲೆಕ್ಕ ಹಾಕಿದರೆ ಸುಮಾರು 56 ಹರ್ಟ್ಜ್, ಅಂದರೆ ಸೆಕೆಂಡಿಗೆ 56 ಕಂಪನದ ತಗ್ಗು ಸ್ವರ, ಬರುತ್ತದೆ. ಆ ಸ್ವರ ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದು ನಿಂತುಬಿಡುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಅದು ಉಬ್ಬಿ ಕೇಳುತ್ತದೆ. ಕೋಣೆಯ ನಟ್ಟನಡುವೆ ಕೂತರೆ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಅದರ ಎರಡರಷ್ಟು, ಮೂರರಷ್ಟು ಇರುವ ಸ್ವರಗಳೂ ಹೀಗೇ ಸಿಕ್ಕಿಬೀಳುತ್ತವೆ, ಆದರೆ ಅವು ಉಬ್ಬುವ, ಅಡಗುವ ಜಾಗ ಬೇರೆ ಬೇರೆ. ಒಂಬತ್ತಡಿ ಅಗಲಕ್ಕೆ ಬೇರೆ ಲೆಕ್ಕ, ಎತ್ತರಕ್ಕೆ ಬೇರೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಇದ್ದರೆ ಎಲ್ಲ ಒಂದೇ ಸ್ವರದ ಮೇಲೆ ಬಂದು ಬೀಳುತ್ತವೆ, ಅದು ಎಲ್ಲಕ್ಕಿಂತ ಕಷ್ಟದ ಕೋಣೆ. ದೊಡ್ಡ ವೂಫರ್ ತಂದರೆ ಈ ಗಲಾಟೆಗೆ ಇನ್ನಷ್ಟು ಬಲ ಕೊಟ್ಟ ಹಾಗೆ. ಬೇಸ್, ಅಂದರೆ ತಗ್ಗು ಸ್ವರ, ಜಾಸ್ತಿ ಬರುತ್ತದೆ, ಆದರೆ ಅದು ಹಾಡಿನದೋ ಕೋಣೆಯದೋ ಗೊತ್ತಾಗುವುದಿಲ್ಲ.

ನಾನು ಕೊನೆಗೆ ಯಮಹಾ ಎಚ್‌ಎಸ್5 ಆರಿಸಿದೆ. ಐದು ಇಂಚಿನ ವೂಫರ್, ಒಂದು ಇಂಚಿನ ಟ್ವೀಟರ್ (ಏರು ಸ್ವರದ ಚಿಕ್ಕ ಭಾಗ). ಕೆಳಗೆ 54 ಹರ್ಟ್ಜ್‌ವರೆಗೆ ಹೋಗುತ್ತದೆ. ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಜ್, ಅದರ ಬುಡದ ಸ್ವರ ಇದರಲ್ಲಿ ಪೂರ್ತಿ ಸಿಗುವುದಿಲ್ಲ. ನನ್ನ ಕೆಲಸ ಗಂಟಲು, ಹಾರ್ಮೋನಿಯಂ, ತಬಲಾ. ಅಪ್ಪಯ್ಯ ಬಿಳಿ ಒಂದರ ಶ್ರುತಿಯಲ್ಲಿ ಹಾಡುತ್ತಾರೆ, ಅವರ ಷಡ್ಜ, ಅಂದರೆ ಸ, ಸುಮಾರು 131 ಹರ್ಟ್ಜ್. ಹಾಗಾಗಿ ನನಗೆ ಇದು ಸಾಕು. ನೀವು ಡಿಜೆ ಸಂಗೀತ ಮಾಡುವವರಾದರೆ ನಿಮ್ಮ ಆಯ್ಕೆ ಬೇರೆ ಆಗಬೇಕು. ಜೆಬಿಎಲ್ 305ಪಿ ಮಾರ್ಕ್ 2 ಮತ್ತು ಕೆಆರ್‌ಕೆ ರೋಕಿಟ್ 5 ಎರಡೂ ಐದು ಇಂಚಿನವೇ, ಎರಡಕ್ಕೂ 43 ಹರ್ಟ್ಜ್‌ವರೆಗೆ ಎಂದು ಬರೆದಿರುತ್ತಾರೆ. ದುಡ್ಡು ತೀರಾ ಕಡಿಮೆ ಇದ್ದರೆ ಪ್ರಿಸೋನಸ್ ಎರಿಸ್ 3.5 ನೋಡಿ. ಮುಂದುಗಡೆಯೇ ಹೆಡ್‌ಫೋನ್ ತೂತು ಇದೆ, ಫೋನನ್ನೂ ಸುಲಭವಾಗಿ ಜೋಡಿಸಬಹುದು.

ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ಎಚ್‌ಎಸ್5ಕ್ಕೆ 70 ವ್ಯಾಟ್ ಇದೆ. ನನ್ನ ಕೋಣೆಯಲ್ಲಿ ಅದರ ಒಂದು ಚೂರೇ ಸಾಕು.

ಮಾನಿಟರಿನ ಬೆನ್ನ ಹಿಂದೆ ಏನಿದೆ ಎಂದು ನೋಡುವುದು ಮುಖ್ಯ. ಕೆಲವು ಮಾನಿಟರ್‌ಗಳಲ್ಲಿ ಬೇಸ್ ಹೊರಬರುವ ತೂತು ಮುಂದೆ ಇರುತ್ತದೆ, ಕೆಲವಕ್ಕೆ ಹಿಂದೆ. ರೋಕಿಟ್‌ಗೆ ಮುಂದೆ. ಎಚ್‌ಎಸ್5ಕ್ಕೂ 305ಪಿಗೂ ಹಿಂದೆ. ಹಿಂದೆ ಇದ್ದರೆ ಗೋಡೆಯಿಂದ ಒಂದು ಗೇಣಾದರೂ ಜಾಗ ಬಿಡಬೇಕು. ತೂತು ಎಲ್ಲೇ ಇರಲಿ, ಗೋಡೆ ಹತ್ತಿರವಾದರೆ ಬೇಸ್ ಉಬ್ಬುತ್ತದೆ. ಅದಕ್ಕಾಗಿಯೇ ಹಿಂದೆ ಒಂದು ಸ್ವಿಚ್ ಕೊಟ್ಟಿರುತ್ತಾರೆ. ಎಚ್‌ಎಸ್5ರಲ್ಲಿ ಅದರ ಹೆಸರು ರೂಮ್ ಕಂಟ್ರೋಲ್. ಬೇಸನ್ನು ಎರಡು ಅಥವಾ ನಾಲ್ಕು ಡೆಸಿಬೆಲ್ (ಸದ್ದಿನ ಅಳತೆ) ಇಳಿಸಬಹುದು. ನಾನು ಎರಡಕ್ಕೆ ಇಟ್ಟಿದ್ದೇನೆ. ಸಣ್ಣ ಮನೆಯವರು ಈ ಸ್ವಿಚ್ ಇಲ್ಲದ ಮಾನಿಟರ್ ತೆಗೆದುಕೊಳ್ಳಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಬೆಲೆ ಕೇಳುವಾಗ ಮೊದಲ ಪ್ರಶ್ನೆ, ಒಂದಕ್ಕಾ ಜೋಡಿಗಾ? ಎರಿಸ್ 3.5ರಂಥವು ಜೋಡಿಯಾಗಿ ಬರುತ್ತವೆ. ಐದು ಇಂಚಿನವು ಹೆಚ್ಚಾಗಿ ಒಂದೊಂದೇ ಮಾರಾಟವಾಗುತ್ತವೆ. ನೆಟ್ಟಿನಲ್ಲಿ ಅಗ್ಗ ಎಂದು ಖುಷಿಪಟ್ಟು, ಮನೆಗೆ ಒಂದೇ ಡಬ್ಬ ಬಂದಾಗ ಬೇಜಾರು ಮಾಡಿಕೊಂಡವರನ್ನು ಬಲ್ಲೆ. ಇನ್ನೊಂದು ಮಾತು. ಇರುವ ದುಡ್ಡನ್ನೆಲ್ಲ ಮಾನಿಟರ್‌ಗೇ ಸುರಿಯಬೇಡಿ. ಮೂರು ಪಾಲು ಮಾಡಿ, ಎರಡು ಪಾಲು ಮಾನಿಟರ್‌ಗೆ ಇಡಿ. ಉಳಿದ ಒಂದು ಪಾಲಿನಲ್ಲಿ ಕೇಬಲ್, ಸ್ಟ್ಯಾಂಡ್, ಗೋಡೆಯ ಕೆಲಸ ಮುಗಿಯಬೇಕು.

ಕೇಳಿ ನೋಡದೆ ತೆಗೆದುಕೊಳ್ಳಬೇಡಿ. ಧೋಬಿ ತಲಾವ್ ಕಡೆ ವಾದ್ಯದ ಅಂಗಡಿಗಳಿವೆ, ಫರ್ಟಾಡೋಸ್ ಅಲ್ಲಿಯ ಹಳೆಯ ಹೆಸರು. ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ವಾರದ ದಿನ ಮಧ್ಯಾಹ್ನ ಹೋಗಿ, ಭಾನುವಾರದ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ. ನಿಮಗೆ ಬಾಯಿಪಾಠ ಇರುವ ಮೂರು ಹಾಡು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ವಾಟ್ಸಾಪಿನಲ್ಲಿ ಬಂದದ್ದು ಬೇಡ, ಕುಗ್ಗಿಸದೆ ಇಟ್ಟ ಡಬ್ಲ್ಯೂಎವಿ (WAV) ಫೈಲೇ ಆಗಬೇಕು. ಅದರಲ್ಲಿ ಒಂದು ನೀವೇ ರೆಕಾರ್ಡ್ ಮಾಡಿದ್ದಾಗಿರಲಿ.

ನಾನು ಒಯ್ದದ್ದು ಅಪ್ಪಯ್ಯ ಹಾಡಿದ ಒಂದು ದಾಸರ ಪದ. ಅವರ ದನಿ ನನಗೆ ಹುಟ್ಟಿದಂದಿನಿಂದ ಗೊತ್ತು. ಮೊದಲು ಗಮನಿಸಿದ್ದು ಸ, ಶ ಅಕ್ಷರಗಳನ್ನು. 'ಶ್ರೀನಿವಾಸ' ಎಂದಾಗ ಮೊದಲ ಶ ಬೇರೆ, ಕೊನೆಯ ಸ ಬೇರೆ ಎಂದು ಸ್ಪಷ್ಟವಾಗಿ ಕೇಳಬೇಕು. ಎರಡೂ ಒಂದೇ ಥರ ಸೀಟಿ ಹೊಡೆದರೆ ಆ ಟ್ವೀಟರ್ ನನಗೆ ಬೇಡ. ಆಮೇಲೆ ಹಾರ್ಮೋನಿಯಂ. ಸ್ವರದ ಹಿಂದೆ ತಿದಿಯ ಗಾಳಿ, ಮನೆ (ಕೀ) ಒತ್ತುವ ಟಕ್ ಟಕ್ ಕೇಳುತ್ತದಾ ನೋಡಿ. ಕೊನೆಗೆ ಡಗ್ಗಾದ ಮೀಂಡ್. ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುತ್ತಾ ಹೋಗುತ್ತದಲ್ಲ, ಆಗ ದನಿಯ ಗಾತ್ರ ಒಂದೇ ಸಮ ಇರಬೇಕು. ನಡುವೆ ಒಂದು ಕಡೆ ಧಡ್ ಎಂದು ಎದ್ದು, ಇನ್ನೊಂದು ಕಡೆ ಬಿದ್ದುಹೋದರೆ ಅದು ಮಾನಿಟರಿನ ಅಥವಾ ಆ ಕೋಣೆಯ ಆಟ.

ಎರಡು ಮಾಡೆಲ್ ಹೋಲಿಸುವಾಗ ವಾಲ್ಯೂಮ್ ಒಂದೇ ಇರಲಿ ಎಂದು ಕೇಳಿಕೊಳ್ಳಿ. ಸ್ವಲ್ಪ ಜೋರಾಗಿ ಇದ್ದದ್ದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ಇದರಲ್ಲಿ ಎಲ್ಲರೂ ಮೋಸಹೋಗುತ್ತಾರೆ. ಹಾಡು ನಿಲ್ಲಿಸಿ, ಕಿವಿ ಹತ್ತಿರ ಒಯ್ದು, ಬರಿಯ ಸುಯ್ ಎನ್ನುವ ಸದ್ದು ಎಷ್ಟಿದೆ ಎಂದೂ ನೋಡಿ. ರಾತ್ರಿ ಎರಡಡಿ ದೂರದಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಕಿರಿಕಿರಿಯಾಗುತ್ತದೆ.

ಹಳೆಯದು ಕೊಳ್ಳುವುದಾದರೆ ಹಿಂದಿನ ಫಲಕದಲ್ಲಿ 230 ವೋಲ್ಟ್ ಎಂದು ಇದೆಯಾ ನೋಡಿ. ಹೊರದೇಶದಿಂದ ತಂದ 115 ವೋಲ್ಟಿನದನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಮುಗಿಯಿತು. ವೂಫರ್ ಸುತ್ತಲಿನ ಉಂಗುರ ರಬ್ಬರಿನದಾದರೆ ಒಳ್ಳೆಯದು. ಫೋಮಿನದು ನಮ್ಮ ಮಳೆಗಾಲದ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮಾನಿಟರ್ ಮೇಲೆ ಹತ್ತಿಯ ಬಟ್ಟೆ ಹೊದಿಸುತ್ತೇನೆ, ಪ್ಲಾಸ್ಟಿಕ್ ಬೇಡ. ವಾರಕ್ಕೆರಡು ಸಲ ಅರ್ಧ ಗಂಟೆ ಹಚ್ಚಿಡುತ್ತೇನೆ.

ಕೇಬಲ್, ಜ್ಯಾಕುಗಳಿಗೆ ಲ್ಯಾಮಿಂಗ್ಟನ್ ರೋಡಿಗೆ ಹೋದೆ, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಹತ್ತಿರ. ಆಡಿಯೋ ಇಂಟರ್‌ಫೇಸಿನಿಂದ (ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವಿನ ಪೆಟ್ಟಿಗೆ) ಮಾನಿಟರ್‌ಗೆ ಬ್ಯಾಲೆನ್ಸ್ಡ್ ಕೇಬಲ್ ಬೇಕು. ಜ್ಯಾಕಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸರಿಯಾದದ್ದು, ಒಂದೇ ಇದ್ದರೆ ಬೇರೆ ಥರದ್ದು. 50 ಹರ್ಟ್ಜ್ ಕರೆಂಟಿನ ಗುಂಯ್‌ಗುಡುವಿಕೆ ಇದರಿಂದ ಬಹಳ ಮಟ್ಟಿಗೆ ತಪ್ಪುತ್ತದೆ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಮಾನಿಟರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಗುಂಯ್ ಎನ್ನುತ್ತದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೇ ಅಪಾಯ. ಹಚ್ಚುವಾಗ ಮಾನಿಟರ್ ಕೊನೆಗೆ, ಆರಿಸುವಾಗ ಮಾನಿಟರ್ ಮೊದಲು.

ಈಗ ಇಡುವ ಜಾಗ. ನನ್ನ ಅನುಭವದಲ್ಲಿ ಅರ್ಧ ಫಲಿತಾಂಶ ಇಲ್ಲೇ ಇದೆ. ಎರಡು ಮಾನಿಟರ್ ಮತ್ತು ನಿಮ್ಮ ತಲೆ, ಮೂರರ ನಡುವಿನ ದೂರವೂ ಒಂದೇ ಇರಬೇಕು. ನನ್ನದು ಮೂರೂವರೆ ಅಡಿ. ಟ್ವೀಟರ್ ಕಿವಿಯ ಎತ್ತರಕ್ಕೆ, ಮುಖ ನಿಮ್ಮ ಕಡೆಗೆ. ಕೋಣೆಯ ಉದ್ದದ ಕಡೆ ನೋಡಿ ಕೂರಿ, ಎಡಬಲದ ಗೋಡೆ ಸಮ ದೂರದಲ್ಲಿರಲಿ. ಮುಂದಿನ ಗೋಡೆಯಿಂದ ನಿಮ್ಮ ತಲೆಗೆ ಕೋಣೆಯ ಉದ್ದದ ನೂರಕ್ಕೆ 38ರಷ್ಟು ದೂರ ಇಟ್ಟು ಶುರು ಮಾಡಿ. ಹತ್ತಡಿ ಕೋಣೆಗೆ ಅದು ನಾಲ್ಕಡಿಗೆ ಸ್ವಲ್ಪ ಕಡಿಮೆ. ಅಲ್ಲಿಂದ ಕುರ್ಚಿ ಹಿಂದೆ ಮುಂದೆ ಸರಿಸುತ್ತಾ ಆ ಡಗ್ಗಾದ ಮೀಂಡ್ ಕೇಳಿ. ಎಲ್ಲಿ ಸಮನಾಗಿ ಕೇಳುತ್ತದೋ ಅಲ್ಲಿ ನೆಲಕ್ಕೆ ಟೇಪ್ ಅಂಟಿಸಿ.

ಮಾನಿಟರ್ ಮೇಜಿನ ಮೇಲೆ ನೇರವಾಗಿ ಇಟ್ಟರೆ ಮೇಜೂ ಹಾಡುತ್ತದೆ. ಸ್ಟ್ಯಾಂಡಿಗೆ ದುಡ್ಡು ಇರಲಿಲ್ಲ. ಅಡುಗೆಮನೆ ಕಟ್ಟೆಗೆ ಹಾಕುವ ಕಡಪಾ ಕಲ್ಲಿನ ಎರಡು ತುಂಡನ್ನು ಕಲ್ಲಿನ ಅಂಗಡಿಯಲ್ಲಿ ಕೊಯ್ಯಿಸಿಕೊಂಡು ಬಂದೆ. ಹಳೆಯ ಯೋಗಾ ಮ್ಯಾಟ್ ಎರಡು ಪದರ ಮಡಚಿ ಕೆಳಗೆ, ಅದರ ಮೇಲೆ ಕಲ್ಲು, ಅದರ ಮೇಲೆ ಮಾನಿಟರ್. ಮೇಜಿನ ನಡುಕ ನಿಂತಿತು. ಕೆಳಗಿನ ಮನೆಯ ಮರಾಠಿ ಕಾಕು (ಆಂಟಿ) ಕೂಡ "ಆತಾ ಆವಾಜ್ ಯೇತ್ ನಾಹೀ" ಅಂದರು. ಈಗ ಸದ್ದು ಬರುತ್ತಿಲ್ಲ ಎಂದರೆ ನನಗೆ ನಿಜಕ್ಕೂ ಸಮಾಧಾನ. ಅವರಿಗೆ ಬಿಪಿ ಇದೆ.

ಒಂದು ಸ್ವರಕ್ಕೆ ಮಾತ್ರ ಎಲ್ಲಿಂದಲೋ ಝರ್ ಎಂದು ಸದ್ದು ಬರುತ್ತಿತ್ತು. ಮಾನಿಟರ್ ಕೆಟ್ಟಿದೆ ಎಂದೇ ಭಾವಿಸಿದ್ದೆ. ಹುಡುಕಿದರೆ ಅದು ಕಬ್ಬಿಣದ ಕಪಾಟಿನ ಬಾಗಿಲು! ಸಂದಿಗೆ ಕಾಗದ ಮಡಚಿ ತುರುಕಿದೆ, ನಿಂತಿತು. ನೀವೂ 40ರಿಂದ 150 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರ ಹಾಕಿ ಕೋಣೆಯಲ್ಲಿ ಓಡಾಡಿ. ಕಿಟಕಿ ಗ್ರಿಲ್, ದೇವರ ಫೋಟೋ, ಟ್ಯೂಬ್‌ಲೈಟ್ ಪಟ್ಟಿ, ಎಲ್ಲ ಒಂದೊಂದು ಸ್ವರಕ್ಕೆ ದನಿಗೂಡಿಸುತ್ತವೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ವ್ಯರ್ಥ. ಬೇಸ್‌ಗೆ ಅದರಿಂದ ಏನೂ ಆಗುವುದಿಲ್ಲ, ಬೆಂಕಿಗೂ ಅಪಾಯ. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸಲು ಹೇಳಿ. ಕನ್ನಡಿಯಲ್ಲಿ ಮಾನಿಟರ್ ಕಾಣುವ ಜಾಗಕ್ಕೆ ದಪ್ಪ ರಜಾಯಿ ನೇತುಹಾಕಿ, ಹಿಂದೆ ಒಂದೆರಡು ಇಂಚು ಜಾಗ ಬಿಡಿ. ಹಿಂದಿನ ಮೂಲೆಗೆ ಹತ್ತಿಯ ಗಾದಿ ಸುತ್ತಿ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಅದನ್ನೇ ಹಾಸಿ ಮಲಗಬಹುದು.

ಇನ್ನು ವಾಲ್ಯೂಮ್. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಒಂದು ದಿನ ಜೋರಾಗಿ, ಒಂದು ದಿನ ಮೆಲ್ಲಗೆ ಕೆಲಸ ಮಾಡಿದರೆ ಮಿಕ್ಸ್ (ದನಿ, ವಾದ್ಯಗಳ ಹೊಂದಾಣಿಕೆ) ದಿನಕ್ಕೊಂದು ಥರ ಆಗುತ್ತದೆ. ಫೋನಿನ ಡೆಸಿಬೆಲ್ ಆ್ಯಪ್ ಇಟ್ಟು, ಕಿವಿಯ ಹತ್ತಿರ ಸುಮಾರು 75 ಬರುವ ಹಾಗೆ ಹೊಂದಿಸಿದೆ. ಇಂಟರ್‌ಫೇಸಿನ ಗುಂಡಿ ಎಲ್ಲಿ ನಿಂತಿತೋ ಅಲ್ಲಿ ನನ್ನ ಹಣೆಯ ಬಿಂದಿ ತೆಗೆದು ಅಂಟಿಸಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ 45 ಡೆಸಿಬೆಲ್. ಹತ್ತಾದ ಮೇಲೆ ನಾನು ಹೆಡ್‌ಫೋನಿನಲ್ಲಿ ಎಡಿಟಿಂಗ್ ಮಾತ್ರ ಮಾಡುತ್ತೇನೆ, ಬೇಸ್ ಮುಟ್ಟುವುದಿಲ್ಲ.

ಮಾನಿಟರ್ ಬಂದ ದಿನವೇ ಮಿಕ್ಸ್‌ಗೆ ಕೂರಬೇಡಿ. ನಾನು ಎರಡು ವಾರ ಬೇರೆಯವರ ಹಾಡುಗಳನ್ನು ಮಾತ್ರ ಕೇಳಿದೆ, ಆ ಬಿಂದಿಯ ಮೇಲೆ ಗುಂಡಿ ಇಟ್ಟು. ಒಳ್ಳೆಯ ಹಾಡಿನಲ್ಲಿ ಡಗ್ಗಾ ಎಷ್ಟಿರುತ್ತದೆ, ಗಂಟಲು ಎಷ್ಟು ಮುಂದೆ ಇರುತ್ತದೆ ಎಂದು ಈ ಕೋಣೆಯಲ್ಲೇ ಕಿವಿಗೆ ಅಭ್ಯಾಸವಾಗಬೇಕು. ಆಮೇಲೆ ಹಳೆಯ ಆ ರಾಜ್ಯೋತ್ಸವದ ಟ್ರ್ಯಾಕ್ ತೆರೆದೆ. ಡಗ್ಗಾ ಆರು ಡೆಸಿಬೆಲ್ ಜಾಸ್ತಿ ಇತ್ತು. ಇಳಿಸಿ, ಫೋನಿನಲ್ಲಿ ಕೇಳಿ, ಟಿವಿಯಲ್ಲಿ ಕೇಳಿ, ಮತ್ತೆ ಸರಿಮಾಡಿ, ಮಕ್ಕಳ ಟೀಚರಿಗೆ ಕಳಿಸಿದೆ. ಮುಂದಿನ ನವೆಂಬರಿನಲ್ಲಿ ಅದೇ ಎಂಟು ಮಕ್ಕಳು ಅದೇ ಹಾಡಿಗೆ ಕುಣಿದರು. ಎರಡನೇ ಚರಣಕ್ಕೆ ಎಂಟೂ ಮಕ್ಕಳ ಕಾಲುಗಳು ಒಟ್ಟಿಗೆ ಎದ್ದವು.